ಸಂಗೀತದ ಗಣಕಯಂತ್ರವೂ ಬಯಲುಸೀಮೆಯ ಬಿಸಿಲೂ



ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ರಾತ್ರಿಯ ಮೊದಲ ಜಾವ ಕಳೆಯುವವರೆಗೂ ಊರಿನ ಮೇಲೆ ಮೆಲ್ಲಮೆಲ್ಲನೆ ಹೊರಸೂಸುತ್ತಿರುವ ಮಧುಗಿರಿಯ ಏಕಶಿಲಾಪರ್ವತದ ಬುಡದಲ್ಲಾಗಲಿ, ಚೈತ್ರ ವೈಶಾಖಗಳ ಅಪರಾಹ್ಣದಲ್ಲಿ ಒಳಮನೆಯ ಉಷ್ಣತೆಯೂ 38 ಡಿಗ್ರಿಯ ಆಸುಪಾಸಿಗೆ ಏರುವ ಪಾವಗಡದ ಹಳ್ಳಿಗಳಲ್ಲಾಗಲಿ, ಸಂಗೀತ ಕೇಳುವುದಕ್ಕೆಂದು ಮನೆಯಲ್ಲೊಂದು ಕಂಪ್ಯೂಟರನ್ನು ಇರಿಸಿಕೊಳ್ಳಬೇಕೆಂದು ಬಯಸುವ ಗೃಹಸ್ಥನಿಗೆ ಪೇಟೆಯ ಅಂಗಡಿಗಳಲ್ಲಿ ದೊರೆಯುವ ಸಲಹೆಯು ಬಹುಮಟ್ಟಿಗೆ ಶೀತದೇಶದ ಹವೆಗೆ ಹೇಳಿಮಾಡಿಸಿದ ಸಲಹೆಯೇ ಆಗಿರುತ್ತದೆ. ಯಾವ ಪ್ರೊಸೆಸರ್ ಎಷ್ಟು ವೇಗದ್ದು, ಅದನ್ನು ತಣಿಸಲು ಎಷ್ಟು ಫ್ಯಾನುಗಳು ಬೇಕು ಎಂಬ ವಿಚಾರವು ಅಲ್ಲಿ ಸವಿಸ್ತಾರವಾಗಿ ನಡೆಯುವುದುಂಟು; ಆದರೆ ಆ ಪೆಟ್ಟಿಗೆಯನ್ನು ಇಡತಕ್ಕ ಕೊಠಡಿಯ ಗಾಳಿ ಎಷ್ಟು ಬಿಸಿ, ಅದರಲ್ಲಿ ಧೂಳೆಷ್ಟು, ಆ ಯಂತ್ರದಲ್ಲಿ ನುಡಿಸಬೇಕಾದ ನಾದ ಎಷ್ಟು ಸೂಕ್ಷ್ಮವಾದುದು ಎಂದು ವಿಚಾರಿಸುವವರು ವಿರಳ. ಇಂದಿನ ನನ್ನ ಮಾತು ಆ ಮೂರು ಪ್ರಶ್ನೆಗಳಿಂದ ಹೊರಟು ಪ್ರೊಸೆಸರಿನ ಕಡೆಗೆ ಬರತಕ್ಕದ್ದು.

ಮಧುಗಿರಿ, ಪಾವಗಡ, ಸಿರಾ, ಕೊರಟಗೆರೆ ಎಂಬ ಈ ನಾಲ್ಕು ತಾಲ್ಲೂಕುಗಳ ಮನೆಮನೆಯ ಕಪಾಟುಗಳಲ್ಲಿಯೂ ಕಾಲಗತಿಯಲ್ಲಿ ಒಂದು ನಾದಭಂಡಾರ ಶೇಖರವಾಗಿದೆ ಎಂಬುದನ್ನು ಬಲ್ಲವರು ಬಲ್ಲರು. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನನ್ನು ಕುಲದೈವವಾಗಿ ನಂಬಿದ ಕಾಡುಗೊಲ್ಲರ ಕಥನಕಾವ್ಯವನ್ನು ಯಾರೋ ಅಣ್ಣಂದಿರು ಹಟ್ಟಿಯಲ್ಲಿ ಕುಳಿತು ಟೇಪಿಗೆ ಹಿಡಿದದ್ದು, ಮದುವೆಯ ಮನೆಯ ಸೋಬಾನೆ, ಶ್ರಾವಣದ ಭಜನೆ, ಸೋಮನ ಕುಣಿತದ ಅರೆವಾದ್ಯದ ಗತ್ತು, ಬೆಂಗಳೂರು ಆಕಾಶವಾಣಿಯಿಂದ ರಾತ್ರಿಯ ಹೊತ್ತು ಪ್ರಸಾರವಾದ ಕಚೇರಿಯನ್ನು ಟೂ-ಇನ್-ಒನ್ನಿನ ಗುಂಡಿ ಒತ್ತಿ ದಾಖಲಿಸಿಕೊಂಡ ಕ್ಯಾಸೆಟ್ಟು, ಇವೆಲ್ಲ ಒಂದೊಂದಾಗಿ ಬೂಷ್ಟು ಹಿಡಿಯುತ್ತಿವೆ. ಇವನ್ನು ಕಂಪ್ಯೂಟರಿಗೆ ಏರಿಸಿ, ಅದೇ ಕಂಪ್ಯೂಟರಿನಿಂದ ಒಳ್ಳೆಯ ಸ್ಪೀಕರುಗಳ ಮೂಲಕ ಕೇಳುವ ಆಸೆಯುಳ್ಳವರೇ ನನ್ನ ಮನಸ್ಸಿನಲ್ಲಿರುವ ಶ್ರೋತೃಗಳು. ಆಟವಾಡುವ ಹುಡುಗರಿಗೂ ಚಲನಚಿತ್ರ ಸಂಕಲಿಸುವವರಿಗೂ ಬೇಕಾದ ಯಂತ್ರ ಬೇರೆ. ಅದರ ಗೊಡವೆ ಇಲ್ಲಿ ಬೇಡ.

ಸಂಗೀತವನ್ನು ನುಡಿಸುವುದು ಪ್ರೊಸೆಸರಿಗೆ ಎಷ್ಟು ಅಲ್ಪವಾದ ಕೆಲಸವೆಂಬುದನ್ನು ಮೊದಲು ಮನಗಾಣಬೇಕು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯು ಸೆಕೆಂಡಿಗೆ 44,100 ಸಲ, ಎಡಬಲಗಳೆರಡಕ್ಕೂ 16 ಬಿಟ್ಟುಗಳಂತೆ ನಾದದ ಅಳತೆಯನ್ನು ಇಟ್ಟುಕೊಂಡಿರುತ್ತದೆ. ಗುಣಿಸಿದರೆ ಸೆಕೆಂಡಿಗೆ ಸುಮಾರು 176 ಕಿಲೋಬೈಟು, ಗಂಟೆಗೆ 635 ಮೆಗಾಬೈಟು. 2001ರಲ್ಲಿ ಹೊರಬಂದ ಫ್ಲ್ಯಾಕ್ ಎಂಬ ಪದ್ಧತಿಯು ಸ್ವರದ ಒಂದು ಕಣವನ್ನೂ ಕಳೆಯದೆ ಇದನ್ನು ಹೆಚ್ಚುಕಡಮೆ ಅರ್ಧಕ್ಕೆ ಅಡಕಗೊಳಿಸುತ್ತದೆ. ಈ ಅಡಕವನ್ನು ಬಿಚ್ಚಿ ಹಾಡುವ ಕಾರ್ಯದಲ್ಲಿ ಇಂದಿನ ಅತ್ಯಂತ ಅಗ್ಗದ ಪ್ರೊಸೆಸರು ಕೂಡ ತನ್ನ ಶಕ್ತಿಯ ನೂರರಲ್ಲಿ ಒಂದೆರಡು ಪಾಲನ್ನು ವ್ಯಯಿಸಿ ಉಳಿದ ಹೊತ್ತೆಲ್ಲ ನಿದ್ರಿಸುತ್ತಿರುತ್ತದೆ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಮ್ಯಾಕ್ಸ್ ಮ್ಯಾಥ್ಯೂಸ್ ಅವರು ಐ.ಬಿ.ಎಂ. 704 ಎಂಬ, ಒಂದು ಇಡೀ ಕೊಠಡಿಯನ್ನು ಆಕ್ರಮಿಸಿದ ಯಂತ್ರದಿಂದ 17 ಸೆಕೆಂಡುಗಳ ಒಂದು ರಚನೆಯನ್ನು ಹೊರಡಿಸಿದಾಗ ಅದೊಂದು ವಿಸ್ಮಯವಾಗಿತ್ತು. ಆ ಮಾತು ಈಗ ಪುರಾಣ. ಹಾಗಿದ್ದರೂ ಸಂಗೀತಕ್ಕೆಂದು ಕೇಳಿದವನಿಗೆ ಹದಿನಾರೋ ಇಪ್ಪತ್ತನಾಲ್ಕೋ ಕೋರುಗಳ ಪ್ರೊಸೆಸರನ್ನು ಕಟ್ಟಿಕೊಡುವ ವರ್ತಕರು ಇಲ್ಲದಿಲ್ಲ. ಒಬ್ಬನೇ ಗಾಯಕ ಹಾಡಬೇಕಾದ ವೇದಿಕೆಗೆ ಅಷ್ಟು ಜನರನ್ನು ಹತ್ತಿಸಿದರೆ ರಾಗ ವಿಸ್ತಾರವಾಗುವುದಿಲ್ಲ. ಸೆಕೆ ಮಾತ್ರ ಹೆಚ್ಚುತ್ತದೆ.

ಇಲ್ಲಿ ಬಿಸಿಯ ಮೂಲವನ್ನು ತಿಳಿಯುವುದು ಅವಶ್ಯ. ಪ್ರೊಸೆಸರು ಸೇವಿಸಿದ ವಿದ್ಯುತ್ತು ಕೆಲಸವಾಗಿ ಎಲ್ಲಿಯೂ ಶೇಖರವಾಗುವುದಿಲ್ಲ. ಒಳಕ್ಕೆ ಹೋದ ಪ್ರತಿಯೊಂದು ವಾಟ್ ಕೂಡ ಕಡೆಗೆ ಶಾಖವಾಗಿಯೇ ಹೊರಬರತಕ್ಕದ್ದು. ಆ ವಿದ್ಯುತ್ತಿನ ಮೊತ್ತವಾದರೋ ಗಡಿಯಾರದ ವೇಗಕ್ಕೆ ಸಮಪ್ರಮಾಣದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಸಮಪ್ರಮಾಣದಲ್ಲಿಯೂ ಏರುತ್ತದೆ. ವೇಗವನ್ನು ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುವುದರಿಂದ ಕೊನೆಕೊನೆಯ ಚೂರು ವೇಗಕ್ಕೆ ತೆರಬೇಕಾದ ಶಾಖದ ದಂಡ ವಿಪರೀತವಾದುದು. ತದ್ವಿರುದ್ಧವಾಗಿ, ವೇಗವನ್ನು ಮುಟ್ಟದೆ ವೋಲ್ಟೇಜನ್ನು ಮಾತ್ರ 1.2ರಿಂದ 1.0ಕ್ಕೆ ಇಳಿಸಿದರೂ ಈ ಲೆಕ್ಕದಂತೆ ಶೇಕಡ 30ರಷ್ಟು ಬಿಸಿ ತಗ್ಗುತ್ತದೆ. ಈ ಸತ್ಯವನ್ನು ಪ್ರೊಸೆಸರುಗಳನ್ನು ತಯಾರಿಸುವ ಇಂಟೆಲ್ ಸಂಸ್ಥೆಯೇ ಬಹಿರಂಗವಾಗಿ ಅನುಭವಿಸಿತು. 2004ರಲ್ಲಿ ಬಂದ ಪ್ರೆಸ್ಕಾಟ್ ಎಂಬ ಪೆಂಟಿಯಮ್-4 ನೂರು ವಾಟನ್ನು ದಾಟಿ ಕಾಯತೊಡಗಿತು. 4 ಗಿಗಾಹರ್ಟ್ಸಿನ ಪೆಂಟಿಯಮ್-4 ಮಾರುಕಟ್ಟೆಗೆ ಬರಲೇ ಇಲ್ಲ. ಆ ಮೇಲೆ ಉದ್ಯಮವೆಲ್ಲ ವೇಗದ ಬೆನ್ನಟ್ಟುವುದನ್ನು ಬಿಟ್ಟು ಕೋರುಗಳನ್ನು ಹೆಚ್ಚಿಸುವ ದಾರಿ ಹಿಡಿಯಿತು.

ಪೆಟ್ಟಿಗೆಯ ಮೇಲೆ ಅಚ್ಚಾದ ವಾಟ್ ಸಂಖ್ಯೆಯನ್ನು ಓದುವಾಗಲೂ ಎಚ್ಚರ ಬೇಕು. ಇಂಟೆಲ್ಲಿನ ಐ5-12400 ಎಂಬ ಪ್ರೊಸೆಸರಿಗೆ 65 ವಾಟ್ ಎಂದು ಬರೆದಿದ್ದರೂ ಭರದಲ್ಲಿ ಓಡುವಾಗ ಅದು 117 ವಾಟ್‌ವರೆಗೆ ಎಳೆಯಬಹುದೆಂದು ನಿರ್ಮಾಪಕರೇ ಇನ್ನೊಂದು ಪುಟದಲ್ಲಿ ಹೇಳಿದ್ದಾರೆ. ಐ9-13900ಕೆ ಎಂಬುದರಲ್ಲಿ 125 ಎಂದಿರುವುದು 253ಕ್ಕೆ ಏರುತ್ತದೆ. 1935ರಲ್ಲಿ ಮೈಸೂರಿನ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸ್ಥಾಪಿಸಿ ಆಕಾಶವಾಣಿಯೆಂಬ ಹೆಸರಿಂದ ಖ್ಯಾತವಾದ ಬಾನುಲಿ ನಿಲಯವು 30 ವಾಟ್‌ನ ಪ್ರೇಷಕದಿಂದ ಇಡೀ ಊರಿಗೇ ಹಾಡಿತ್ತು. ಒಂದು ಕೊಠಡಿಯಲ್ಲಿ ಒಬ್ಬನು ಕುಳಿತು ಕೇಳುವುದಕ್ಕೆ ಅದರ ಎಂಟರಷ್ಟು ಶಕ್ತಿಯನ್ನು ಬೇಡುವ ಯಂತ್ರವನ್ನು ತರುವುದು ವಿವೇಕದ ಮಾತಲ್ಲ.

ಈಗ ನಮ್ಮ ಕೊಠಡಿಯ ಗಾಳಿಗೆ ಬರೋಣ. ತಣಿಸುವ ಉಪಕರಣಗಳ ಗುಣವನ್ನು, ಒಂದು ವಾಟ್ ಶಾಖಕ್ಕೆ ಪ್ರೊಸೆಸರು ಸುತ್ತಲ ಗಾಳಿಗಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂಬ ಮಾನದಿಂದ ಅಳೆಯುತ್ತಾರೆ. ಸುಲಭದ ಲೆಕ್ಕಕ್ಕಾಗಿ, ಫ್ಯಾನಿಲ್ಲದ, ಬಿಸಿ ಚೆಲ್ಲುವ ಲೋಹದ ರೆಕ್ಕೆಗಳ ಒಂದು ಹೀಟ್‌ಸಿಂಕು ವಾಟಿಗೆ ಒಂದು ಡಿಗ್ರಿಯದೆಂದು ಭಾವಿಸಿ. ಕೊಠಡಿ 22 ಡಿಗ್ರಿಯಲ್ಲಿರುವ ದೇಶದಲ್ಲಿ 65 ವಾಟ್‌ನ ಪ್ರೊಸೆಸರು ಇದರಡಿಯಲ್ಲಿ 87 ಡಿಗ್ರಿಗೆ ನಿಂತು ಹೇಗೋ ಬದುಕಿಕೊಳ್ಳುತ್ತದೆ. ಅದನ್ನೇ ಪಾವಗಡಕ್ಕೆ ತಂದು 38 ಡಿಗ್ರಿಯ ಕೊಠಡಿಯಲ್ಲಿಟ್ಟರೆ 103 ಆಯಿತು. ಇಂಥವುಗಳ ಮೇಲ್ಮಿತಿ ಸಾಮಾನ್ಯವಾಗಿ 95ರಿಂದ 100ರೊಳಗಿನದಾದ್ದರಿಂದ ಯಂತ್ರವು ತನ್ನನ್ನು ತಾನು ಕಾಪಾಡಿಕೊಳ್ಳುವುದಕ್ಕಾಗಿ ವೇಗವನ್ನು ತಾನಾಗಿ ಕುಗ್ಗಿಸಿಕೊಳ್ಳುತ್ತದೆ, ಎಂದರೆ ಹಣ ಕೊಟ್ಟು ತಂದ ವೇಗ ಬೇಸಗೆಯಲ್ಲಿ ಇದ್ದೂ ಇಲ್ಲದಂತಾಗುತ್ತದೆ. ಅದೇ ಹೀಟ್‌ಸಿಂಕಿನ ಕೆಳಗೆ 35 ವಾಟ್‌ನದು 73 ಡಿಗ್ರಿಯಲ್ಲಿಯೂ, 6 ವಾಟ್‌ನದು ಬರಿಯ 44 ಡಿಗ್ರಿಯಲ್ಲಿಯೂ ಇರುತ್ತದೆ. ಪಾವಗಡದ ತಿರುಮಣಿಯ ಸುತ್ತ ಐದು ಗ್ರಾಮಗಳ ನೆಲದಲ್ಲಿ ಹರಡಿರುವ 2,050 ಮೆಗಾವಾಟ್‌ನ ಸೌರಕ್ಷೇತ್ರದ ಫಲಕಗಳೂ ಪ್ರೊಸೆಸರಿನಂತೆ ಸಿಲಿಕಾನಿನವೇ. ಅವುಗಳ ಶಕ್ತಿಯನ್ನು 25 ಡಿಗ್ರಿಯಲ್ಲಿ ಅಳೆದು ನಮೂದಿಸಿರುತ್ತಾರೆ, ಅದರ ಮೇಲೆ ಏರುವ ಒಂದೊಂದು ಡಿಗ್ರಿಗೂ ಶೇಕಡ 0.4ರಷ್ಟು ಉತ್ಪನ್ನ ಸೋರಿಹೋಗುತ್ತದೆ. ಬಿಸಿಲನ್ನೇ ಉಣ್ಣುವ ಫಲಕಕ್ಕೂ ಬಿಸಿ ಹಿತವಲ್ಲ ಎಂಬುದು ಆ ನಾಡಿನ ಜನಕ್ಕೆ ನಾನು ಹೇಳಬೇಕಾದ ಸಂಗತಿಯಲ್ಲ.

ತಣಿಸುವ ವಿಧಾನಗಳಲ್ಲಿ ಜನರ ಕಣ್ಣನ್ನು ಬಹಳವಾಗಿ ಸೆಳೆಯುವುದು ಬಣ್ಣಬಣ್ಣದ ದೀಪಗಳೊಡನೆ ಬರುವ ಲಿಕ್ವಿಡ್ ಕೂಲರು. ನೀರು ಎಂದೊಡನೆ ನಮಗೆ ಬೇಸಗೆಯ ಮಣ್ಣಿನ ಮಡಕೆ ನೆನಪಿಗೆ ಬರುವುದು ಸಹಜ. ಆದರೆ ಮಡಕೆಯ ನೀರು ತಂಪಾಗುವುದು ಅದರ ಮೈಯ ಸೂಕ್ಷ್ಮರಂಧ್ರಗಳಿಂದ ಜಿನುಗಿ ಆವಿಯಾಗಿ ಹೋಗುವುದರಿಂದ, ಮತ್ತು ನಮ್ಮ ಒಣಗಾಳಿಯಲ್ಲಿ ಅದು ಕೊಠಡಿಗಿಂತಲೂ ಎಷ್ಟೋ ಡಿಗ್ರಿ ಕೆಳಗಿಳಿಯಬಲ್ಲುದು. ಕಂಪ್ಯೂಟರಿನ ನೀರಾದರೋ ಮುಚ್ಚಿದ ಕೊಳವೆಯಲ್ಲಿ ಸುತ್ತುವುದು. ಅದು ಪ್ರೊಸೆಸರಿನ ಬಿಸಿಯನ್ನು ಹೊತ್ತು ತಂದು ರೇಡಿಯೇಟರಿನಲ್ಲಿ ಅದೇ ಕೊಠಡಿಯ ಗಾಳಿಗೆ ಚೆಲ್ಲುತ್ತದೆಯೇ ಹೊರತು ಆ ಗಾಳಿಗಿಂತ ಕೆಳಕ್ಕೆ ಎಂದಿಗೂ ಇಳಿಯಲಾರದು. ಮೇಲಾಗಿ ಪಂಪಿನ ಗುಂಯ್‌ಗಾರವೊಂದು ಹೊಸದಾಗಿ ಸೇರಿಕೊಳ್ಳುತ್ತದೆ. ತಂಬೂರಿಯ ಪಕ್ಕದಲ್ಲಿ ಬೇರೆ ಆಧಾರಷಡ್ಜ ಯಾರಿಗೂ ಬೇಕಿಲ್ಲ.

ಇದಕ್ಕಿಂತ ಸೊಗಸಾದ ಯುಕ್ತಿ ಹೀಟ್‌ಪೈಪಿನದು. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರ್ ಅವರ ಕೈಯಲ್ಲಿ ಪ್ರಯೋಗಸಿದ್ಧವಾದ ಈ ತಾಮ್ರದ ಕೊಳವೆಯೊಳಗೆ ಗಾಳಿಯನ್ನು ಹೊರತೆಗೆದು ಚೂರು ನೀರನ್ನು ಇಟ್ಟಿರುತ್ತಾರೆ. ಬಿಸಿಯ ತುದಿಯಲ್ಲಿ ಅದು ಆವಿಯಾಗಿ ತಂಪಿನ ತುದಿಗೆ ಓಡುತ್ತದೆ, ಅಲ್ಲಿ ಮತ್ತೆ ನೀರಾಗಿ ಒಳಮೈಯ ಬತ್ತಿಯಂಥ ಪದರದ ಮೂಲಕ ತಾನಾಗಿಯೇ ಹಿಂದಿರುಗುತ್ತದೆ. ಪಂಪಿಲ್ಲ, ಸದ್ದಿಲ್ಲ, ಸವೆಯುವ ಭಾಗವಿಲ್ಲ. ತಂಪಿನ ತುದಿಯಲ್ಲಿ ಅಲ್ಯೂಮಿನಿಯಮಿನ ರೆಕ್ಕೆಗಳು ಅಗಲವಾಗಿ ಹರಡಿಕೊಂಡಿದ್ದರೆ ಫ್ಯಾನಿನ ಹಂಗಿಲ್ಲದೆ ಸಾಕಷ್ಟು ಬಿಸಿ ಕಳೆದುಹೋಗುತ್ತದೆ. ಪ್ರೊಸೆಸರಿಗೂ ಲೋಹಕ್ಕೂ ನಡುವೆ ಹಚ್ಚುವ ಪೇಸ್ಟಿನ ವಿಷಯದಲ್ಲಿಯೂ ಒಂದು ಮಾತು: ಶಾಖವನ್ನು ಸಾಗಿಸುವುದರಲ್ಲಿ ತಾಮ್ರಕ್ಕೆ ಸುಮಾರು 400 ಅಂಕವಾದರೆ ಮಧುಗಿರಿಯ ಬೆಟ್ಟದ ಕಲ್ಲಿನ ಜಾತಿಗೆ 3ರ ಆಸುಪಾಸು, ಕದಲದ ಗಾಳಿಗೆ 0.026 ಮಾತ್ರ. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹಗಳ ನಡುವೆ ಸಿಕ್ಕಿಕೊಳ್ಳುವ ಆ ಗಾಳಿಯನ್ನು ಹೊರದೂಡುವುದಷ್ಟೇ ಪೇಸ್ಟಿನ ಕೆಲಸ. ಆದಕಾರಣ ತೆಳುವಾಗಿ ಹಚ್ಚಬೇಕು. ಮೂರು ನಾಲ್ಕು ವರ್ಷಗಳಿಗೊಮ್ಮೆ ಒರೆಸಿ ಹೊಸದನ್ನು ಹಾಕಬೇಕು, ಏಕೆಂದರೆ ನಮ್ಮ ಬೇಸಗೆಯಲ್ಲಿ ಅದು ಬೇಗ ಒಣಗುತ್ತದೆ.

ಫ್ಯಾನೇ ಬೇಕಾದ ಪಕ್ಷದಲ್ಲಿ ಒಂದು ದೊಡ್ಡದನ್ನು ಮೆಲ್ಲನೆ ತಿರುಗಿಸುವುದು ನಾಲ್ಕು ಚಿಕ್ಕವನ್ನು ಬಿರುಸಿನಿಂದ ತಿರುಗಿಸುವುದಕ್ಕಿಂತ ಸರ್ವಥಾ ಉತ್ತಮ; ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿಯೂ ಅರ್ಧವಾಗುತ್ತದೆ ನಿಜ, ಆದರೆ ಸದ್ದು 15 ಡೆಸಿಬೆಲ್ಲಿನಷ್ಟು ತಗ್ಗುತ್ತದೆ. ಆದರೂ ಈ ಸೀಮೆಯಲ್ಲಿ ಫ್ಯಾನಿನ ಮುಖ್ಯ ದೋಷ ಸದ್ದಿಗಿಂತ ಧೂಳು. ಸುಗ್ಗಿಯ ದಿನಗಳಲ್ಲಿ ಕಣದಿಂದ ಹಾರಿಬರುವ ಹೊಟ್ಟು, ಕೆಮ್ಮಣ್ಣು, ಕಲ್ಲುಗಣಿಯ ಹತ್ತಿರದ ಹಳ್ಳಿಗಳಲ್ಲಾದರೆ ಕಲ್ಲಿನ ಪುಡಿ, ಇವೆಲ್ಲವನ್ನೂ ಅದು ಹಗಲಿರುಳು ಒಳಕ್ಕೆ ಎಳೆದು ರೆಕ್ಕೆಗಳ ಸಂದಿನಲ್ಲಿ ಕಂಬಳಿ ನೇಯ್ದು ಇಡುತ್ತದೆ. ಆ ಕಂಬಳಿ ದಪ್ಪವಾದಷ್ಟೂ ಪ್ರೊಸೆಸರು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಫ್ಯಾನು ಜೋರಾಗಿ ತಿರುಗುತ್ತದೆ, ತಿರುಗಿದಷ್ಟೂ ಧೂಳು ಹೆಚ್ಚುತ್ತದೆ. ಫ್ಯಾನಿಲ್ಲದ ಪೆಟ್ಟಿಗೆಯೊಳಕ್ಕೆ ಧೂಳು ಬೀಳಬಹುದು. ಯಾರೂ ಅದನ್ನು ಕರೆದು ತರುವುದಿಲ್ಲ. ಹಲ್ಲಿಯ ಮಾತು ಬೇರೆ. ಬೆಚ್ಚನೆಯ ಕಿಂಡಿ ಎಲ್ಲಿ ಕಂಡರೂ ಅದು ಸಂಸಾರಸಮೇತ ಬಿಡಾರ ಹೂಡುವುದರಿಂದ ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಅತ್ಯವಶ್ಯ.

ಇಲ್ಲಿ ಒಬ್ಬರು ನ್ಯಾಯವಾದ ಆಕ್ಷೇಪವನ್ನು ಎತ್ತಬಹುದು. ಬೇಸಗೆಯಲ್ಲಿ ತಲೆಯ ಮೇಲೆ ಸೀಲಿಂಗ್ ಫ್ಯಾನು ಗಿರಗಿರನೆ ತಿರುಗುತ್ತಿರುವಾಗ, ಹಳೆಯ ಕ್ಯಾಸೆಟ್ಟಿನ ಒಳಗೇ ಉಸ್ಸೆಂಬ ಸದ್ದು ತುಂಬಿರುವಾಗ, ಪೆಟ್ಟಿಗೆಯ ಪುಟ್ಟ ಫ್ಯಾನೊಂದರ ವಿಷಯದಲ್ಲಿ ಇಷ್ಟು ನಿಷ್ಠುರವೇಕೆ? ಸೀಲಿಂಗ್ ಫ್ಯಾನನ್ನು ಆಲಾಪನೆಯ ಹತ್ತು ನಿಮಿಷ ನಿಲ್ಲಿಸಬಹುದು; ಪೆಟ್ಟಿಗೆಯ ಫ್ಯಾನನ್ನು ನಿಲ್ಲಿಸುವ ಹಾಗಿಲ್ಲ. ಅದರ ಸದ್ದು ದೊಡ್ಡ ಗಾಳಿಯ ಸುಯ್ಲಲ್ಲ, ಒಂದು ನಿರ್ದಿಷ್ಟ ಶ್ರುತಿಯ ಕೀರಲು. ಕಿವಿ ಅದನ್ನು ಸ್ವರವೆಂದೇ ಎಣಿಸುತ್ತದೆ. ಇನ್ನು ಕ್ಯಾಸೆಟ್ಟಿನ ಉಸಿರನ್ನು ಕಂಪ್ಯೂಟರಿನಲ್ಲಿ ಎಷ್ಟು ಸೋಸಬೇಕು, ಎಲ್ಲಿಗೆ ನಿಲ್ಲಿಸದಿದ್ದರೆ ಹಾಡಿನ ಜೀವವೇ ಸೋಸಿಹೋದೀತು ಎಂದು ನಿರ್ಣಯಿಸಬೇಕಾದರೆ ಸುತ್ತಲಿನ ಮೌನವಲ್ಲದೆ ಬೇರೆ ಸಾಧನವಿಲ್ಲ. ಕಾಡುಗೊಲ್ಲರ ಉದ್ದ ಕೊಳಲಾದ ಗಣೆಯ ನಾದದಲ್ಲಿ ಸ್ವರದಷ್ಟೇ ಉಸಿರೂ ಉಂಟು. ಫ್ಯಾನಿನ ಸದ್ದು ಮೊದಲು ಮುಚ್ಚಿಹಾಕುವುದು ಆ ಉಸಿರನ್ನೇ. ಹಿಟ್ಲರನ ಕಾಲದಲ್ಲಿ ಯೂರೋಪನ್ನು ಬಿಟ್ಟು ಮುಂಬಯಿಗೆ ಬಂದ ವಾಲ್ಟರ್ ಕಾಫ್‌ಮನ್ ಅವರು ಸಂಯೋಜಿಸಿದ ಆಕಾಶವಾಣಿಯ ಆರಂಭನಾದವನ್ನು ನೀವೆಲ್ಲರೂ ಬಲ್ಲಿರಿ. ಯಂತ್ರವನ್ನು ಪರೀಕ್ಷಿಸಬೇಕಾದರೆ ಅದನ್ನು ಮೆಲುದನಿಯಲ್ಲಿ ಹಾಕಿ, ಪಿಟೀಲಿನ ಕೆಳಗಿರುವ ತಂಬೂರಿ ಬಿಡಿಬಿಡಿಯಾಗಿ ಕೇಳುತ್ತದೆಯೋ ಇಲ್ಲವೋ ನೋಡಿ. ಕೇಳದಿದ್ದರೆ ಸ್ಪೀಕರನ್ನು ಬದಲಿಸುವ ಮೊದಲು ಫ್ಯಾನನ್ನು ಸಂದೇಹಿಸಿ. ಬೆಂಗಳೂರಿನ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ಪೆಟ್ಟಿಗೆಯಲ್ಲಿ ಫ್ಯಾನಿಲ್ಲ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಹಾಗಾದರೆ ಕೊಳ್ಳತಕ್ಕದ್ದು ಯಾವುದನ್ನು? ಕೇಳುವುದೊಂದೇ ಉದ್ದೇಶವಾದರೆ 2023ರಲ್ಲಿ ಬಂದ ಇಂಟೆಲ್ ಎನ್100 ಜಾತಿಯ, ನಾಲ್ಕು ಕೋರುಗಳ, 6 ವಾಟ್ ಎಂದು ನಮೂದಾದ ಪ್ರೊಸೆಸರು ಧಾರಾಳವಾಗಿ ಸಾಕು; ಭರದ ಕೆಲಸದಲ್ಲಿ ಅದೂ ನಮೂದಿಗಿಂತ ಹೆಚ್ಚು ಎಳೆಯುತ್ತದೆ, ಆದರೆ ಹಾಡು ಭರದ ಕೆಲಸವಲ್ಲ. ಅದನ್ನು ರೆಕ್ಕೆಗಳುಳ್ಳ ಅಲ್ಯೂಮಿನಿಯಮ್ ಪೆಟ್ಟಿಗೆಯಲ್ಲಿ, ಫ್ಯಾನಿಲ್ಲದೆ, ತಿರುಗುವ ಭಾಗವಿಲ್ಲದ ಎಸ್.ಎಸ್.ಡಿ. ಎಂಬ ಸಂಗ್ರಹಣೆಯೊಡನೆ ತರಬೇಕು, ಏಕೆಂದರೆ ತಿರುಗುವ ಹಾರ್ಡ್‌ಡಿಸ್ಕು ಮೇಜಿಗೆ ನಡುಕವನ್ನು ಕೊಡುತ್ತದೆ. ಇನ್ನೂ ಮಿತವ್ಯಯಿಗಳಿಗೆ ಕಿರುಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಉಂಟು. ಕ್ಯಾಸೆಟ್ಟುಗಳನ್ನು ಸೋಸಿ ಶುದ್ಧಮಾಡುವ ಕೆಲಸವೂ ಸೇರುವುದಾದರೆ, ಹೆಸರಿನ ಕೊನೆಯಲ್ಲಿ ಟಿ ಅಕ್ಷರವುಳ್ಳ 35 ವಾಟ್‌ನ ಇಂಟೆಲ್, ಅಥವಾ ಜಿ.ಇ. ಎಂಬ ಅಕ್ಷರಗಳುಳ್ಳ ರೈಜನ್ ಯೋಗ್ಯವಾದುದು. ಕಚೇರಿಗಳು ಬಳಸಿ ಬಿಟ್ಟ, ದಪ್ಪ ಪುಸ್ತಕದಷ್ಟೇ ಗಾತ್ರದ ಕಂಪ್ಯೂಟರುಗಳಲ್ಲಿ ಬಹುಮಟ್ಟಿಗೆ ಇಂಥ ಟಿ ಪ್ರೊಸೆಸರುಗಳೇ ಇರುತ್ತವೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅವು ಹೊಸದರ ಬೆಲೆಯ ಒಂದು ಪಾಲಿಗೆ ದೊರೆಯುತ್ತವೆ. ಈಗಾಗಲೇ 65 ವಾಟ್‌ನದನ್ನು ತಂದುಬಿಟ್ಟವರು ನಿರಾಶರಾಗಬೇಕಾಗಿಲ್ಲ: ಯಂತ್ರದ ಮೂಲ ಹೊಂದಾಣಿಕೆಗಳ ಪುಟವಾದ ಬಯಾಸಿನಲ್ಲಿ, ವೇಗವನ್ನು ತಾತ್ಕಾಲಿಕವಾಗಿ ಏರಿಸುವ ಟರ್ಬೋವನ್ನು ನಿಲ್ಲಿಸಿ ಶಕ್ತಿಯ ಮಿತಿಯನ್ನು 35ಕ್ಕೆ ಕಟ್ಟಿಹಾಕಿದರೆ ಸಂಗೀತಕ್ಕೆ ಏನೂ ಕೊರತೆಯಾಗದೆ ಬಿಸಿ ಇಳಿಯುತ್ತದೆ. ಈ ಕಾರ್ಯಕ್ಕೆ ಕಾಸೂ ಖರ್ಚಿಲ್ಲದ ಕಾರಣ ಅಂಗಡಿಯವರು ಇದನ್ನು ಹೇಳುವುದು ಅಪರೂಪ.

ಕರೆಂಟಿನ ಸಂಗತಿ ಈ ಸೀಮೆಯವರಿಗೆ ಹೊಸದಲ್ಲ. ದಿನಕ್ಕೆ ಆರು ಗಂಟೆಯಂತೆ ತಿಂಗಳೆಲ್ಲ ಹಾಡುವ 100 ವಾಟ್‌ನ ಯಂತ್ರ 18 ಯೂನಿಟ್ಟನ್ನು ನುಂಗಿದರೆ 10 ವಾಟ್‌ನದು 1.8 ಯೂನಿಟ್ಟಿಗೆ ತೃಪ್ತವಾಗುತ್ತದೆ. ಕರೆಂಟು ಹೋದ ರಾತ್ರಿಯಲ್ಲಿ ಮನೆಯ ಇನ್‌ವರ್ಟರಿಗೂ ಅದು ಹೊರೆಯಲ್ಲ. ಪಂಪ್‌ಸೆಟ್ಟುಗಳು ಒಮ್ಮೆಗೇ ಎದ್ದಾಗ ವೋಲ್ಟೇಜು ಕುಸಿಯುವುದರಿಂದ 100ರಿಂದ 240 ವೋಲ್ಟಿನವರೆಗೆ ತಾಳುವ ಅಡಾಪ್ಟರನ್ನೇ ಆರಿಸತಕ್ಕದ್ದು.

ಯಂತ್ರವನ್ನು ಇಡುವ ಜಾಗವೂ ತಣಿಸುವ ವಿದ್ಯೆಯ ಒಂದು ಭಾಗ. ಕಲ್ಲುಚಪ್ಪಡಿಯ ಮಾಡಿನ ಕೆಳಗೆ ಅಟ್ಟದ ಮೇಲಿಡುವುದು ತಪ್ಪು. ಅಲ್ಲಿಯ ಗಾಳಿ ನೆಲದ ಗಾಳಿಗಿಂತ ಎಷ್ಟೋ ಬಿಸಿ. ಪಶ್ಚಿಮದ ಗೋಡೆಗೆ ಒತ್ತಿ ಇಡುವುದೂ ತಪ್ಪು. ಮಾಳಿಗೆಮನೆಗಳಲ್ಲಿ ಗವಾಕ್ಷಿಯ ನೇರಕ್ಕೆ, ನೆಲದಿಂದ ಮೊಳದೆತ್ತರದಲ್ಲಿ, ರೆಕ್ಕೆಗಳು ನೆಟ್ಟಗೆ ನಿಲ್ಲುವಂತೆ ಇಟ್ಟರೆ ಬಿಸಿಗಾಳಿ ತಾನಾಗಿ ಮೇಲೆದ್ದು ಹೊರಹೋಗುತ್ತದೆ. ಕೊರಟಗೆರೆಯ ಕಡೆ ಜಯಮಂಗಲಿ ನದಿಯ ಬದಿಯ ತೋಟದ ಮನೆಗಳವರು ಈ ವಿಷಯದಲ್ಲಿ ಪುಣ್ಯವಂತರು. ಅವರಿಗೆ ಇಷ್ಟು ಕಟ್ಟುನಿಟ್ಟು ಬೇಡ. ಹೊಲಿಗೆಯ ಬಟ್ಟೆ ಹೊದಿಸಿ ಯಂತ್ರಕ್ಕೆ ಮರ್ಯಾದೆ ಮಾಡುವ ಪದ್ಧತಿಯನ್ನು ಮಾತ್ರ ನಾಲ್ಕು ತಾಲ್ಲೂಕಿನವರೂ ಬಿಡಬೇಕು.

ಕಡೆಯದಾಗಿ, ಹಾಡುವ ಹಿರಿಯರನ್ನು ಮನೆಗೆ ಕರೆಸಿ ಹೊಸದಾಗಿ ದಾಖಲಿಸಬೇಕೆನ್ನುವವರಿಗೆ. ಸೆಕೆಂಡಿಗೆ 48,000 ಅಳತೆಗಳನ್ನು 256ರ ಕಂತುಗಳಲ್ಲಿ ತೆಗೆದುಕೊಂಡರೆ ಒಂದೊಂದು ಕಂತಿಗೆ ಆಗುವ ತಡ ಸುಮಾರು 5.3 ಮಿಲಿಸೆಕೆಂಡು; ಆರಡಿ ದೂರದಲ್ಲಿ ಕುಳಿತ ಮೃದಂಗದವನ ನಾದ ಗಾಯಕನ ಕಿವಿಯನ್ನು ಮುಟ್ಟಲು ಬೇಕಾಗುವ ಕಾಲವೂ ಅಷ್ಟೆ. 35 ವಾಟ್‌ನ ಪ್ರೊಸೆಸರಿಗೆ ಇದು ಲೀಲಾಜಾಲ. ಯಂತ್ರ ಫ್ಯಾನಿನದಾಗಿದ್ದರೆ ಅದನ್ನು ಪಕ್ಕದ ಕೋಣೆಯಲ್ಲಿಟ್ಟು, ಗೋಡೆಯ ಕಿಂಡಿಯಿಂದ ಯು.ಎಸ್.ಬಿ. ತಂತಿಯನ್ನು ಎಳೆದುಕೊಳ್ಳಿ, ಸಾಧಾರಣ ತಂತಿ 5 ಮೀಟರಿಗೆ ಮೀರಬಾರದು. ಅದಕ್ಕೂ ಅನುಕೂಲವಿಲ್ಲದ ಒಂದೇ ಕೋಣೆಯ ಮನೆಯಾದರೆ, ಎದುರಿನ ಸದ್ದನ್ನು ಹಿಡಿದು ಬೆನ್ನಿನ ಸದ್ದನ್ನು ತಳ್ಳುವ ಜಾತಿಯ ಮೈಕನ್ನು ತಂದು, ಅದರ ಮುಖ ಹಾಡುವವರ ಕಡೆಗೂ ಬೆನ್ನು ಯಂತ್ರದ ಕಡೆಗೂ ಇರುವಂತೆ ನಿಲ್ಲಿಸಿ. ದಾಖಲೆ ಮುಗಿದ ದಿನವೇ ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ ಬೇರೆ ಮನೆಯಲ್ಲಿ ಇರಿಸಿ.